ಮಾದಕ ಅಣಬೆ ಕಿಟ್: ಮಾರುವವರನ್ನು ಹಿಡಿಯಿರಿ



ಭ್ರಮೆ ಹುಟ್ಟಿಸುವ ‘ಮ್ಯಾಜಿಕ್ ಮಶ್ರೂಮ್’ ಅನ್ನು ಮನೆಯಲ್ಲೇ ಬೆಳೆದುಕೊಳ್ಳುವ ಸಿದ್ಧ ಕಿಟ್‌ಗಳು ಆನ್‌ಲೈನ್‌ನಲ್ಲಿ ರಾಜಾರೋಷವಾಗಿ ಮಾರಾಟಕ್ಕಿವೆ. ಕೈತೋಟದಂಥ ನಿರಪಾಯದ ಹವ್ಯಾಸವೆಂದು ಇವನ್ನು ಬಿಂಬಿಸಲಾಗುತ್ತಿದೆ. ಚಿಪ್ಪು ಅಣಬೆ ಬೆಳೆದು ಬದುಕುವ ನಾನು ಇದನ್ನು ಒಪ್ಪಲಾರೆ.

ಕಿಟ್‌ನಲ್ಲಿರುವ ಅಣಬೆ ಬೀಜಕಣದಲ್ಲಿ ಭ್ರಮೆ ಹುಟ್ಟಿಸುವ ಸಿಲೋಸಿಬಿನ್ ಎಂಬ ವಸ್ತು ಇರುವುದಿಲ್ಲ, ಹಾಗಾಗಿ ಮಾರಾಟ ತಪ್ಪಲ್ಲ ಎಂಬುದು ಮಾರುವವರ ವಾದ. ‘ಸೂಕ್ಷ್ಮದರ್ಶಕದಲ್ಲಿ ನೋಡಲು ಮಾತ್ರ’ ಎಂಬ ಚೀಟಿಯನ್ನೂ ಅಂಟಿಸುತ್ತಾರೆ. ನೋಡುವುದಕ್ಕಷ್ಟೇ ಆದರೆ ಬೇಯಿಸಿದ ಧಾನ್ಯದ ಚೀಲವೇಕೆ, ತೇವ ಹಿಡಿದಿಡುವ ಡಬ್ಬವೇಕೆ? ಬಿಳಿ ಎಳೆ ಚೀಲದ ತುಂಬ ಹಬ್ಬಿ, ಮೊಗ್ಗೊಡೆದು ಬರುವ ಫಸಲಿನಲ್ಲಿ ಇರುವುದು ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲಿರುವ ಇದೇ ವಸ್ತು. ಸಿಲೋಸಿಬಿನ್ 50 ಗ್ರಾಂ ದಾಟಿದರೆ ಅದು ವಾಣಿಜ್ಯ ಪ್ರಮಾಣ. ಶಿಕ್ಷೆ ಕನಿಷ್ಠ 10 ವರ್ಷ ಜೈಲು. ಅಣಬೆಯ ಇಡೀ ತೂಕವನ್ನೇ ಮಾದಕ ವಸ್ತುವಿನ ತೂಕವೆಂದು ಹಿಡಿಯಲಾಗದು ಎಂಬ ನಿಲುವನ್ನು ಕೇರಳ ಹೈಕೋರ್ಟ್ 2025ರ ಜನವರಿಯಲ್ಲಿ ಜಾಮೀನು ಅರ್ಜಿಯೊಂದರಲ್ಲಿ ತಳೆದದ್ದು ನಿಜ. ಅದನ್ನು ಅಣಬೆ ಬೆಳೆಯಲು ಸಿಕ್ಕ ಪರವಾನಗಿ ಎಂದು ಯಾರೂ ಭಾವಿಸಬಾರದು.

ಕಾನೂನಿನಲ್ಲಿ ಸಂದು ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ನೆದರ್‌ಲೆಂಡ್ಸ್ ಸಾಕ್ಷಿ. 2008ರ ಡಿಸೆಂಬರ್ 1ರಿಂದ ಅಲ್ಲಿ ಹಸಿ ಮಾದಕ ಅಣಬೆಗೂ ನಿಷೇಧ ಬಂತು. ಆದರೆ ಮಣ್ಣೊಳಗೆ ಗಟ್ಟಿಯಾಗುವ ಗೆಡ್ಡೆಯಂಥ ಭಾಗ ಪಟ್ಟಿಗೆ ಸೇರಲಿಲ್ಲ. ಅಂಗಡಿಗಳು ಅದನ್ನೂ ಕಿಟ್‌ಗಳನ್ನೂ ಮಾರುತ್ತಲೇ ಬಂದವು. ಅಮೆರಿಕದ ಕ್ಯಾಲಿಫೋರ್ನಿಯದಲ್ಲಾದರೋ ಬೆಳೆಸುವ ಉದ್ದೇಶದಿಂದ ಬೀಜಕಣ ಮಾರುವುದೂ ಅಪರಾಧ.

ಖಿನ್ನತೆಗೆ ಈ ಅಣಬೆಯೇ ಮದ್ದಲ್ಲವೇ ಎಂದು ಕೆಲವರು ಕೇಳುತ್ತಾರೆ. ಆಸ್ಟ್ರೇಲಿಯದಲ್ಲಿ 2023ರ ಜುಲೈ 1ರಿಂದ, ಬೇರೆ ಚಿಕಿತ್ಸೆಗೆ ಬಗ್ಗದ ಖಿನ್ನತೆಗೆ ಸಿಲೋಸಿಬಿನ್ ಕೊಡಲು ಅವಕಾಶವಿದೆ. ಕೊಡುವವರು ಮಾತ್ರ ವಿಶೇಷ ಅನುಮತಿ ಪಡೆದ ಮನೋವೈದ್ಯರು. ಪ್ರಯೋಗಗಳಲ್ಲಿ ರೋಗಿಗೆ ಕೊಟ್ಟದ್ದು 25 ಮಿಲಿಗ್ರಾಂನಂಥ ಅಳೆದ ಪ್ರಮಾಣ, ಅದೂ ತರಬೇತಿ ಪಡೆದವರು ಪಕ್ಕದಲ್ಲಿ ಕೂತಿರುವಾಗ. ಒಂದೇ ಚೀಲದಲ್ಲಿ ಬೆಳೆದ ಎರಡು ಅಣಬೆಗಳಲ್ಲೂ ಸಿಲೋಸಿಬಿನ್ ಅಂಶ ಒಂದೇ ಸಮ ಇರುವುದಿಲ್ಲ. ಅಡುಗೆಮನೆಯಲ್ಲಿ ಅದನ್ನು ಅಳೆಯುವವರು ಯಾರು? ಮನೆತನದಲ್ಲಿ ತೀವ್ರ ಮಾನಸಿಕ ಕಾಯಿಲೆ ಇರುವವರಿಗೆ, ಲಿಥಿಯಂ ಮಾತ್ರೆ ನುಂಗುವವರಿಗೆ ಇದರ ಅಪಾಯ ಇನ್ನೂ ಹೆಚ್ಚು.

ಬೆಳೆಯುವುದೂ ಅಂದುಕೊಂಡಷ್ಟು ಸಲೀಸಲ್ಲ. ಚಿಪ್ಪು ಅಣಬೆ ಬೆಳೆಸುವ ಹುಲ್ಲು ಬಿಸಿನೀರಿನಲ್ಲಿ ಹದವಾಗಿ ಬೇಯದಿದ್ದರೆ ನಮ್ಮ ಚೀಲಗಳಿಗೇ ಹಸಿರು ಬೂಷ್ಟು ಹತ್ತುತ್ತದೆ. ಅಂಥ ಚೀಲವನ್ನು ನಾವು ದೂರ ಒಯ್ದು ಹೂಳುತ್ತೇವೆ. ಬಾಗಿಲು ಹಾಕಿಕೊಂಡು ಕದ್ದುಮುಚ್ಚಿ ಬೆಳೆಯುವ ಹುಡುಗನಿಗೆ ಇದನ್ನು ಹೇಳಿಕೊಡುವವರಿಲ್ಲ.

ಸರ್ಕಾರಕ್ಕೆ ನನ್ನ ಒತ್ತಾಯ ಇಷ್ಟು. ಬೆಳೆಸಲೆಂದೇ ಮಾರುವ ಬೀಜಕಣ ಮತ್ತು ಕಿಟ್ ಕಾನೂನಿನಲ್ಲಿ ಸ್ಪಷ್ಟವಾಗಿ ನಿಷೇಧವಾಗಲಿ. ಮಾದಕ ವಸ್ತು ನಿಯಂತ್ರಣ ಬ್ಯೂರೊ ಮತ್ತು ರಾಜ್ಯದ ಪೊಲೀಸರು ಕುತೂಹಲಕ್ಕೆ ಕೊಂಡ ವಿದ್ಯಾರ್ಥಿಯ ಬೆನ್ನು ಹತ್ತುವ ಮೊದಲು, ಮಾರಿ ಹಣ ಮಾಡಿದವರನ್ನೂ ಅವರಿಗೆ ಜಾಗ ಕೊಟ್ಟ ಮಾರಾಟ ತಾಣಗಳನ್ನೂ ಹಿಡಿಯಲಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯಿಂದ ಬೀಜ ತಂದು ತಿನ್ನುವ ಅಣಬೆ ಬೆಳೆಯುವವರಿಗೆ ಈ ಹೆಸರಿನಲ್ಲಿ ಕಿರುಕುಳವಾಗದಿರಲಿ.

ಮನಸ್ಸಿನ ನೋವಿಗೆ ಈ ಕಿಟ್ ತರಿಸಲು ಹೊರಟವರಲ್ಲಿ ಒಂದು ವಿನಂತಿ: ಮೊದಲು ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು, ದುಡ್ಡು ಕೊಡಬೇಕಿಲ್ಲ.

– ಅಣಬೆ ಬೆಳೆಗಾರ್ತಿ, ತುಮಕೂರು ಜಿಲ್ಲೆ