ದಿನಸಿ ಚೀಟಿಯಲ್ಲಿ ಕಾಣದ ಹಿತ್ತಲು

ಬೆಲೆ ಏರಿದಾಗಲೆಲ್ಲ ಬಡವರಿಗೆ ಬುದ್ಧಿ ಹೇಳುವವರೂ ಹೆಚ್ಚುತ್ತಾರೆ. ಚೀಟಿ ಬರೆದುಕೊಂಡು ಅಂಗಡಿಗೆ ಹೋಗಬೇಕು, ಚೀಟಿಯಲ್ಲಿ ಇಲ್ಲದ್ದನ್ನು ಕೊಳ್ಳಬಾರದು, ತಿಂಗಳ ಸಾಮಾನನ್ನು ಒಮ್ಮೆಗೇ ತಂದಿಡಬೇಕು, ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂಬ ಉಪದೇಶ ಬ್ಯಾಂಕಿನ ತರಬೇತಿಯಿಂದ ಹಿಡಿದು ಸ್ವಸಹಾಯ ಸಂಘದ ಸಭೆಯವರೆಗೆ ಕೇಳಿಬರುತ್ತದೆ. ಉಪದೇಶದಲ್ಲಿ ಸುಳ್ಳಿಲ್ಲ. ಆದರೆ ಕಳಸ, ಹೊರನಾಡು, ಸಂಸೆ, ಬಾಳೆಹೊಳೆಯ ಕಡೆಯ ಮನೆಗಳಲ್ಲಿ ಹಾಸಿಗೆಯೇ ಏಕೆ ಗಿಡ್ಡವಾಯಿತು ಎಂಬ ಪ್ರಶ್ನೆಯನ್ನು ಅದು ಕೇಳುವುದಿಲ್ಲ. ಕೇಳದಿರುವುದರಿಂದಲೇ ದಿನಸಿಯ ಖರ್ಚು ಗೃಹಿಣಿಯ ಜಾಣ್ಮೆಯ ಅಥವಾ ದಡ್ಡತನದ ವಿಷಯವಾಗಿ ಉಳಿದುಬಿಟ್ಟಿದೆ. ವಾಸ್ತವದಲ್ಲಿ ಅದು ನೆಲದ, ಗದ್ದೆಯ ಮತ್ತು ಕೂಲಿಯ ವಿಷಯ.

ಗದ್ದೆ ಹೋಯಿತು, ಚೀಟಿ ಬೆಳೆಯಿತು

ಎರಡು ತಲೆಮಾರಿನ ಹಿಂದೆ ಈ ಭಾಗದ ಸಣ್ಣ ಹಿಡುವಳಿದಾರನ ಮನೆಗೆ ಅಂಗಡಿಯಿಂದ ಬರುತ್ತಿದ್ದುದು ಉಪ್ಪು, ಬೆಲ್ಲ, ಬೇಳೆ, ಒಣಮೆಣಸು, ಒಣಮೀನು, ಸೀಮೆಎಣ್ಣೆ ಮುಂತಾದ ಕೆಲವೇ ಪದಾರ್ಥಗಳು. ಅಕ್ಕಿ ಗದ್ದೆಯಿಂದ ಬರುತ್ತಿತ್ತು. ಹರಿವೆ, ಬಸಳೆ, ಸಿಹಿಗುಂಬಳ, ಕೆಸು, ಸುವರ್ಣಗೆಡ್ಡೆ, ಗೆಣಸು ಹಿತ್ತಲಿನಿಂದ ಬರುತ್ತಿದ್ದವು. ಮಳೆಗಾಲಕ್ಕೆ ಮುನ್ನ ಹಲಸಿನ ಹಪ್ಪಳ ಒಣಗುತ್ತಿತ್ತು. ಹಲಸಿನ ಸೊಳೆ ಮತ್ತು ಮಾವಿನ ಮಿಡಿ ಉಪ್ಪುನೀರಿನ ಭರಣಿಗೆ ಸೇರುತ್ತಿದ್ದವು. ಆ ಕಾಲವು ಸುಖದ್ದಾಗಿತ್ತೆಂದು ಯಾರೂ ಭ್ರಮಿಸಬೇಕಿಲ್ಲ. ಗೇಣಿ ಅಳೆದುಕೊಟ್ಟು ಉಳಿದದ್ದರಲ್ಲಿ ಬದುಕಿದವರು, ಆಷಾಢದಲ್ಲಿ ಗಂಜಿಗೂ ಪರದಾಡಿದವರು ಬಹಳ ಮಂದಿ. ಆದರೆ ಅಂದಿನ ಕೊರತೆಯನ್ನು ನೀಗಿಸುವ ಹೆಸರಿನಲ್ಲಿ ಬಂದ ಹೊಸ ವ್ಯವಸ್ಥೆ, ಅಂದು ಇದ್ದ ಆಸರೆಯನ್ನೂ ಕಿತ್ತುಕೊಂಡಿತು.

ಗದ್ದೆಗಳಲ್ಲಿ ಇಂದು ಅಡಿಕೆ ನಿಂತಿದೆ. ಗದ್ದೆ ಬಿಟ್ಟವರನ್ನು ದೂಷಿಸುವುದು ಸುಲಭ. ಅವರ ಲೆಕ್ಕವನ್ನು ಅರ್ಥಮಾಡಿಕೊಳ್ಳುವುದು ಕಷ್ಟ. ನಾಟಿಗೆ ಆಳಿಲ್ಲ, ಕಾಡುಹಂದಿ ಮತ್ತು ಮಂಗಗಳ ಕಾಟಕ್ಕೆ ಕೊನೆಯಿಲ್ಲ, ಬೆಳೆದ ಭತ್ತಕ್ಕೆ ಖರ್ಚಿನಷ್ಟೂ ಬೆಲೆಯಿಲ್ಲ. ಹೀಗಿರುವಾಗ ಅಡಿಕೆಯ ದರ ಕಣ್ಣು ಕುಕ್ಕಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಅದೇ ಅಡಿಕೆಗೆ ಹಳದಿ ಎಲೆ ರೋಗದ ಬೆನ್ನಲ್ಲೇ ಎಲೆಚುಕ್ಕಿ ರೋಗ ಬಡಿದಾಗ ಆದದ್ದೇನು? ತೋಟವೂ ಕೈಕೊಟ್ಟಿತು, ಅಕ್ಕಿಯೂ ಮನೆಯಲ್ಲಿ ಉಳಿಯಲಿಲ್ಲ. ಗದ್ದೆಯ ಜೊತೆಗೆ ಹೋದದ್ದು ಅಕ್ಕಿ ಮಾತ್ರವೂ ಆಗಿರಲಿಲ್ಲ. ಬದುವಿನ ಸೊಪ್ಪು, ಕೆಸರಿನ ಏಡಿ, ಗದ್ದೆಯ ಮೀನು, ದನಕ್ಕೆ ಹುಲ್ಲು, ಇಂಗುತ್ತಿದ್ದ ಮಳೆನೀರು ಇವೆಲ್ಲವೂ ಹೋದವು. ಇವುಗಳಲ್ಲಿ ಒಂದೊಂದೂ ಬೆಲೆಯ ಸಮೇತ ದಿನಸಿ ಚೀಟಿಗೆ ಮರಳಿ ಬಂದಿದೆ.

ಕಾಫಿಯ ಕಥೆಯೂ ಇದಕ್ಕಿಂತ ಬೇರೆಯಲ್ಲ. 1990ರ ದಶಕದಲ್ಲಿ ಕಾಫಿ ಮಂಡಳಿಯ ಏಕಸ್ವಾಮ್ಯ ಕೊನೆಗೊಂಡು ಬೆಳೆಗಾರರು ಮುಕ್ತ ಮಾರುಕಟ್ಟೆಗೆ ಬಂದರು. 2001ರಲ್ಲಿ ನ್ಯೂಯಾರ್ಕಿನ ವಾಯಿದೆ ಮಾರುಕಟ್ಟೆಯಲ್ಲಿ ಅರೇಬಿಕಾ ಬೆಲೆ ಪೌಂಡಿಗೆ 50 ಸೆಂಟಿಗಿಂತ ಕೆಳಕ್ಕಿಳಿಯಿತು. 2025ರ ಫೆಬ್ರವರಿಯಲ್ಲಿ ಅದೇ ಬೆಲೆ 4 ಡಾಲರನ್ನು ದಾಟಿತು. ಇಷ್ಟು ಎತ್ತರದಿಂದ ಇಷ್ಟು ಆಳಕ್ಕೆ ತೂಗಾಡುವ ಹಗ್ಗಕ್ಕೆ ಅನ್ನದ ಮಡಕೆಯನ್ನು ಕಟ್ಟುವುದು ವಿವೇಕವೇ? ಬೆಲೆ ಏರಿದ ವರ್ಷ ಅದರ ಪಾಲು ಲೈನ್ ಮನೆಯ ಒಲೆಗೆ ತಲುಪುವುದೋ ಇಲ್ಲವೋ ಎಂಬುದು ಮಾಲೀಕನ ಮರ್ಜಿ. ಬೆಲೆ ಕುಸಿದ ವರ್ಷ ಮೊದಲು ಕಡಿತಗೊಳ್ಳುವುದು ಕೂಲಿಯ ದಿನಗಳು.

ಯಾರ ತಟ್ಟೆಗೆ ಕತ್ತರಿ?

ಖರ್ಚು ಕಡಿಮೆ ಮಾಡಿ ಎನ್ನುವವರು ಯಾವುದನ್ನು ಕಡಿಮೆ ಮಾಡಬೇಕೆಂದು ಹೇಳುವುದಿಲ್ಲ. ಸಾಲದ ಕಂತನ್ನು ಕಡಿಮೆ ಮಾಡಲಾಗದು. ಬಸ್ಸಿನ ದರ, ಮಕ್ಕಳ ಶುಲ್ಕ, ಔಷಧದ ಬೆಲೆ ಯಾವುದೂ ಮನೆಯ ಮಾತನ್ನು ಕೇಳುವುದಿಲ್ಲ. ಮಾತು ಕೇಳುವುದು ಅಡುಗೆಮನೆ ಮಾತ್ರ. ಅಲ್ಲಿಯೂ ಮೊದಲು ಹೋಗುವುದು ಬೇಳೆ, ಮೊಟ್ಟೆ, ಹಾಲು, ತರಕಾರಿ. ಕೊನೆಗೆ ಉಳಿಯುವುದು ಅನ್ನ ಮತ್ತು ತೆಳ್ಳನೆಯ ಸಾರು. ಎಲ್ಲರಿಗೂ ಬಡಿಸಿ ಕೊನೆಯಲ್ಲಿ ಉಣ್ಣುವವಳ ತಟ್ಟೆಗೆ ಅದೂ ಅರೆಬರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ಅವರಿಗೆ ಇನ್ನಷ್ಟು ಮಿತವ್ಯಯವನ್ನು ಬೋಧಿಸುವುದು ಕ್ರೌರ್ಯ.

2013ರಲ್ಲಿ ಆರಂಭವಾದ ಅನ್ನಭಾಗ್ಯವು ಹಸಿವಿಗೆ ತಡೆಯೊಡ್ಡಿದ್ದು ನಿಜ. ಅದನ್ನು ಹಂಗಿಸುವವರು ಹಸಿವನ್ನು ಕಂಡವರಲ್ಲ. ಆದರೆ ಅಕ್ಕಿಯೊಂದೇ ಅಗ್ಗವಾದರೆ ತಟ್ಟೆಯಲ್ಲಿ ತುಂಬುವುದೂ ಅಕ್ಕಿಯೊಂದೇ. ಅಕ್ಕಿಯ ಜೊತೆಗೆ ಬೇಕಾದ ಎಣ್ಣೆ, ಬೇಳೆಗಳ ಬೆಲೆ ಊರಿನ ಕೈಯಲ್ಲಿಲ್ಲ. ದೇಶಕ್ಕೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ. 2022ರ ಫೆಬ್ರವರಿಯಲ್ಲಿ ಉಕ್ರೇನಿನಲ್ಲಿ ಯುದ್ಧ ಆರಂಭವಾಗಿ ಸೂರ್ಯಕಾಂತಿ ಎಣ್ಣೆ ತುಟ್ಟಿಯಾಯಿತು. ಏಪ್ರಿಲ್ ಕೊನೆಯಲ್ಲಿ ಇಂಡೋನೇಷ್ಯಾ ತಾಳೆ ಎಣ್ಣೆಯ ರಫ್ತನ್ನು ಕೆಲವು ವಾರಗಳ ಕಾಲ ನಿಲ್ಲಿಸಿತು. ಸಂಸೆಯ ಒಗ್ಗರಣೆಯ ಬೆಲೆಯನ್ನು ಜಕಾರ್ತಾ ನಿರ್ಧರಿಸುವ ಸ್ಥಿತಿ ಇದು. ಇದನ್ನು ಚೀಟಿ ಬರೆಯುವ ಶಿಸ್ತಿನಿಂದ ಎದುರಿಸಲಾಗದು.

ಬಡವರಿಗೇ ತುಟ್ಟಿ

ತಿಂಗಳ ಸಾಮಾನನ್ನು ಒಮ್ಮೆಗೇ ಕೊಂಡರೆ ಅಗ್ಗವೆಂಬುದು ಸತ್ಯ. ಆದರೆ ಹಾಗೆ ಕೊಳ್ಳಲು ತಿಂಗಳ ಹಣ ಒಮ್ಮೆಗೇ ಕೈಯಲ್ಲಿರಬೇಕು. ವಾರದ ಬಟವಾಡೆ ನಂಬಿದ ತೋಟ ಕಾರ್ಮಿಕರು ಕಾಲು ಕಿಲೋ ಬೇಳೆ, ನೂರು ಗ್ರಾಂ ಎಣ್ಣೆಯೆಂದು ಕೊಳ್ಳುತ್ತಾರೆ. ಸಣ್ಣ ಅಳತೆಗೆ ದೊಡ್ಡ ಬೆಲೆ ತೆರುತ್ತಾರೆ. ಸಾಲದ ಲೆಕ್ಕದಲ್ಲಿ ಕೊಳ್ಳುವವರು ದರವನ್ನೂ ಪ್ರಶ್ನಿಸಲಾರರು, ಅಂಗಡಿಯನ್ನೂ ಬದಲಿಸಲಾರರು. ಪೇಟೆಯ ದೊಡ್ಡ ಮಳಿಗೆಯ ರಿಯಾಯಿತಿಯನ್ನು ಹುಡುಕಿ ಹೋದರೆ ಬಸ್ಸಿನ ಖರ್ಚೂ ಒಂದು ದಿನದ ಕೂಲಿಯೂ ಆ ರಿಯಾಯಿತಿಯನ್ನು ನುಂಗುತ್ತವೆ.

ಇದರ ಮೇಲೆ ಪೊಟ್ಟಣಗಳ ದಾಳಿ. ರಾಷ್ಟ್ರೀಯ ಬಳಕೆ ವೆಚ್ಚ ಸಮೀಕ್ಷೆಗಳ ಪ್ರಕಾರ 1999–2000ದಲ್ಲಿ ಗ್ರಾಮೀಣ ಭಾರತದ ಕುಟುಂಬದ ವೆಚ್ಚದಲ್ಲಿ ನೂರಕ್ಕೆ ಸುಮಾರು 22 ಧಾನ್ಯಗಳಿಗೆ, 4ರಷ್ಟು ಪಾನೀಯ ಮತ್ತು ಸಿದ್ಧ ಆಹಾರಕ್ಕೆ ಹೋಗುತ್ತಿತ್ತು. 2022–23ಕ್ಕೆ ಧಾನ್ಯದ ಪಾಲು 5ಕ್ಕಿಳಿಯಿತು, ಪಾನೀಯ ಮತ್ತು ಸಿದ್ಧ ಆಹಾರದ ಪಾಲು ಹತ್ತರ ಸಮೀಪಕ್ಕೇರಿತು. ಪಡಿತರದಿಂದ ಉಳಿದ ಹಣ ಹೋದ ಒಂದು ದಾರಿ ಇಲ್ಲಿ ಕಾಣುತ್ತದೆ. ಹತ್ತು ರೂಪಾಯಿಯ ಕುರುಕಲು ಪೊಟ್ಟಣದ ಹಿಂದೆ ಮುದ್ರಿಸಿದ ತೂಕವನ್ನು ವಿದ್ಯಾರ್ಥಿಗಳು ಓದಬೇಕು. ಅದು 25 ಗ್ರಾಂ ಇದ್ದರೆ ಕಿಲೋಗೆ 400 ರೂಪಾಯಿ, 20 ಗ್ರಾಂ ಇದ್ದರೆ 500 ರೂಪಾಯಿ ಕೊಟ್ಟಂತಾಯಿತು. ದಿನಕ್ಕೆ ಇಂಥ ಎರಡು ಪೊಟ್ಟಣ ಬಂದರೆ ವರ್ಷಕ್ಕೆ 7,300 ರೂಪಾಯಿ. ಅದೇ ಮನೆಯ ಅಂಗಳದಲ್ಲಿ ಹಲಸು ಕೊಳೆಯುತ್ತಿರುತ್ತದೆ. ಮಕ್ಕಳನ್ನು ಬೈದು ಪ್ರಯೋಜನವಿಲ್ಲ. ದಿನವಿಡೀ ತೋಟದಲ್ಲಿ ದುಡಿದು ಬಂದವಳಿಗೆ ಹಪ್ಪಳ ಒತ್ತಲು ಹೊತ್ತಿಲ್ಲವೆಂಬುದನ್ನೂ, ಆ ಹೊತ್ತನ್ನು ಮನೆಯ ಗಂಡಸರು ಹಂಚಿಕೊಳ್ಳಲಿಲ್ಲವೆಂಬುದನ್ನೂ ಒಪ್ಪಿಕೊಳ್ಳಬೇಕು.

ಕಳೆಯೆಂದು ಸುಟ್ಟದ್ದು ಸೊಪ್ಪು

ಮಲೆನಾಡಿನ ಮಳೆಗಾಲ ಪುಕ್ಕಟೆಯಾಗಿ ಕೊಡುವ ಊಟ ದೊಡ್ಡದು. ಕೆಸುವಿನ ಎಲೆಯ ಪತ್ರೊಡೆ, ಚಗಟೆ ಸೊಪ್ಪಿನ ಪಲ್ಯ, ಒಂದೆಲಗದ ತಂಬುಳಿ, ಕಳಲೆಯ ಪಲ್ಯ ಇವು ಹಬ್ಬದ ವಿಶೇಷವಾಗಿರದೆ ದಿನದ ಅಡುಗೆಯಾಗಿದ್ದವು. ಇವುಗಳಲ್ಲಿ ಹೆಚ್ಚಿನವು ಬೆಳೆಯುವುದು ತೋಟದ ಅಂಚು, ದಾರಿಯ ಬದಿ, ಹಳ್ಳದ ದಡಗಳಲ್ಲಿ. ಕೂಲಿ ಉಳಿಸುವುದಕ್ಕೆಂದು ಅಲ್ಲೆಲ್ಲ ಕಳೆನಾಶಕ ಸಿಂಪಡಿಸಲಾಗುತ್ತಿದೆ. ಗ್ಲೈಫೋಸೇಟ್ ಬಳಕೆಯನ್ನು ಕೇಂದ್ರ ಸರ್ಕಾರವು 2022ರ ಅಕ್ಟೋಬರಿನಲ್ಲಿ ಪರವಾನಗಿ ಪಡೆದ ಕೀಟ ನಿಯಂತ್ರಕರಿಗೆ ಮಾತ್ರ ಸೀಮಿತಗೊಳಿಸಿ ಆದೇಶ ಹೊರಡಿಸಿತು. ಆದೇಶವು ಹಳ್ಳದ ದಡಕ್ಕೆ ತಲುಪಿದೆಯೇ ಎಂಬುದನ್ನು ಊರಿನವರೇ ನೋಡಬೇಕು. ಒಂದು ಸಿಂಪಡಣೆಯಿಂದ ತೋಟದ ಮಾಲೀಕನ ಲೆಕ್ಕದಲ್ಲಿ ಕೂಲಿ ಉಳಿಯುತ್ತದೆ. ಕಾರ್ಮಿಕಳ ಲೆಕ್ಕದಲ್ಲಿ ಕೂಲಿಯೂ ಹೋಗುತ್ತದೆ, ಸೊಪ್ಪೂ ಹೋಗುತ್ತದೆ. ಈ ಎರಡನೆಯ ಲೆಕ್ಕವನ್ನು ಯಾವ ಪುಸ್ತಕದಲ್ಲಿಯೂ ಬರೆದಿಡುವುದಿಲ್ಲ.

ಹಾಗೆಂದು ಎಲ್ಲರೂ ಕಾಡಿಗೆ ಹೋಗಿ ತಿನ್ನಲಿ ಎನ್ನುವ ಪರಿಸರಪ್ರೇಮವೂ ಪೊಳ್ಳು. ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ಸಂಗ್ರಹಣೆಗೆ 1972ರ ವನ್ಯಜೀವಿ ಕಾಯ್ದೆಯ ತಡೆಯಿದೆ. 2006ರ ಅರಣ್ಯ ಹಕ್ಕು ಕಾಯ್ದೆ ಮಾನ್ಯ ಮಾಡಿದ ಕಿರು ಉತ್ಪನ್ನದ ಹಕ್ಕಿಗಾಗಿ ಕಾಡಿನ ನಿವಾಸಿಗಳು ಕಚೇರಿಗಳಿಗೆ ಅಲೆಯಬೇಕಾಗಿದೆ. ಎಲ್ಲರೂ ಕಳಲೆ ಕಡಿದರೆ ಬಿದಿರು ಉಳಿಯದು. ಗುರುತಿಲ್ಲದ ಅಣಬೆ ತಿಂದರೆ ಮನುಷ್ಯ ಉಳಿಯನು. ಮರಳಿ ಕಟ್ಟಬೇಕಾದದ್ದು ಹಿತ್ತಲನ್ನು ಮತ್ತು ಗದ್ದೆಯನ್ನು.

ಹಿತ್ತಲೇ ಇಲ್ಲದವರು?

ಕೈತೋಟ ಮಾಡಿ ಎಂಬ ಮಾತು ನೆಲವಿದ್ದವರಿಗೆ ಸರಿ. ಲೈನ್ ಮನೆಗಳ ಗೋಡೆಗೆ ತಾಗಿದಂತೆ ಕಾಫಿ ಗಿಡಗಳು ನಿಂತಿರುವಲ್ಲಿ ಬಸಳೆ ಚಪ್ಪರ ಎಲ್ಲಿ ಹಾಕಬೇಕು? 1951ರ ತೋಟ ಕಾರ್ಮಿಕರ ಕಾಯ್ದೆಯು ವಸತಿಯ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಿತು. ವಸತಿಯೆಂದರೆ ಗೋಡೆ ಮತ್ತು ಹಂಚು ಎಂದಷ್ಟೇ ಓದಿಕೊಂಡದ್ದು ಮಾಲೀಕರ ಅನುಕೂಲ. ಪ್ರತಿ ಲೈನ್ ಮನೆಗೆ ಎರಡು ಗುಂಟೆ ತರಕಾರಿ ಜಾಗ, ಬೇಸಿಗೆಯಲ್ಲಿ ಅದಕ್ಕೆ ನೀರು ಕೊಟ್ಟರೆ ಎಸ್ಟೇಟು ಮುಳುಗುವುದಿಲ್ಲ. ದಿನಕ್ಕೆ 40 ರೂಪಾಯಿಯ ತರಕಾರಿ ಕೊಳ್ಳುವ ಮನೆಗೆ ವರ್ಷಕ್ಕೆ 14,600 ರೂಪಾಯಿಯಾಗುತ್ತದೆ. ಅದರಲ್ಲಿ ಅರ್ಧ ಉಳಿದರೂ ಅದು ಒಂದು ಸಣ್ಣ ಕೂಲಿ ಏರಿಕೆಗೆ ಸಮ. ಆದರೆ ಇದನ್ನು ಕೂಲಿ ಏರಿಕೆಗೆ ಬದಲಿಯಾಗಿ ಯಾರೂ ಒಪ್ಪಿಕೊಳ್ಳಬಾರದು.

ಆಗಬೇಕಾದ ಕೆಲಸ

ಮೊದಲನೆಯದು, ಲೆಕ್ಕ. ಪ್ರತಿ ಊರಿನ ವಿದ್ಯಾರ್ಥಿಗಳು ತಮ್ಮ ಮನೆಯ ಒಂದು ತಿಂಗಳ ದಿನಸಿಯನ್ನು ನಾಲ್ಕು ಸಾಲಿನಲ್ಲಿ ಬರೆಯಬೇಕು: ಪದಾರ್ಥ, ಬೆಲೆ, ಅದು ಬಂದ ಊರು, ಇಲ್ಲಿಯೇ ಬೆಳೆಯಬಹುದೇ ಎಂಬ ಉತ್ತರ. ನಾಲ್ಕನೆಯ ಸಾಲಿನ ಮೊತ್ತವೇ ಆ ಮನೆ ಕಳೆದುಕೊಂಡ ಹಿತ್ತಲಿನ ಬೆಲೆ.

ಎರಡನೆಯದು, ಒಟ್ಟಾಗಿ ಕೊಳ್ಳುವುದು. 2000–01ರಲ್ಲಿ ಆರಂಭವಾದ ಸ್ತ್ರೀಶಕ್ತಿಯಿಂದ ಮೊದಲ್ಗೊಂಡು ಹಳ್ಳಿಹಳ್ಳಿಯಲ್ಲಿ ಸಂಘಗಳಿವೆ. ಅವು ಸಾಲದ ಕಂತು ಕಟ್ಟುವ ಯಂತ್ರಗಳಾಗಿ ಉಳಿಯಬಾರದು. ಇಪ್ಪತ್ತು ಮನೆಗಳು ಸೇರಿ ತೊಗರಿಬೇಳೆ, ಎಣ್ಣೆ, ಸಕ್ಕರೆಗಳನ್ನು ಮೂಟೆ ಮತ್ತು ಡಬ್ಬಗಳಲ್ಲಿ ತರಿಸಿ ಹಂಚಿಕೊಂಡರೆ ವಾರದ ಕೂಲಿಯವರಿಗೂ ಸಗಟು ಬೆಲೆ ಸಿಗುತ್ತದೆ. ಭದ್ರೆ ಉಕ್ಕಿ ಹೆಬ್ಬಾಳೆ ಸೇತುವೆ ಮುಳುಗುವ ದಿನಗಳಿಗೆ ಮುನ್ನವೇ ಮಳೆಗಾಲದ ದಾಸ್ತಾನು ಊರಿನಲ್ಲಿರುತ್ತದೆ.

ಮೂರನೆಯದು, ಬೀಜ. ಹರಿವೆ, ಅಲಸಂದೆ, ಸೌತೆ, ಗುಂಬಳದ ಬೀಜವನ್ನೂ ಗೆಡ್ಡೆಗಳನ್ನೂ ಉಳಿಸಿಕೊಂಡ ಹಿರಿಯ ಹೆಂಗಸರು ಪ್ರತಿ ಊರಿನಲ್ಲಿದ್ದಾರೆ. ಮುಂಗಾರಿಗೆ ಮೊದಲು ಅವರ ಮನೆಯಂಗಳದಲ್ಲಿ ಬೀಜ ವಿನಿಮಯ ನಡೆಯಬೇಕು.

ನಾಲ್ಕನೆಯದು, ಹಕ್ಕಿನ ಮಾತು. ನೆರೆಯ ಕೇರಳವು 2008ರಲ್ಲಿ ಗದ್ದೆ ಮತ್ತು ಜೌಗುಭೂಮಿಯ ಸಂರಕ್ಷಣೆಗೆ ಕಾನೂನು ತಂದಿತು. 2020ರಲ್ಲಿ ಗದ್ದೆ ಉಳಿಸಿಕೊಂಡವರಿಗೆ ಹೆಕ್ಟೇರಿಗೆ 2,000 ರೂಪಾಯಿ ಕೊಡುವ ಯೋಜನೆಯನ್ನು ಆರಂಭಿಸಿತು. ಮೊತ್ತ ಸಣ್ಣದು, ಆದರೆ ಗದ್ದೆಯು ಊರಿಗೆಲ್ಲ ನೀರು ಕೊಡುತ್ತದೆಂಬುದನ್ನು ಸರ್ಕಾರ ಒಪ್ಪಿದಂತಾಯಿತು. ಉಳಿದಿರುವ ಗದ್ದೆಗಳಿಗೆ ಅಂಥ ಸಹಾಯಧನ, ಹಂದಿ ಮಂಗಗಳಿಂದಾದ ನಷ್ಟಕ್ಕೆ ತಡವಿಲ್ಲದ ಪರಿಹಾರ, ಪಡಿತರದಲ್ಲಿ ಬೇಳೆ ಮತ್ತು ಎಣ್ಣೆ, ಲೈನ್ ಮನೆಗಳಿಗೆ ತರಕಾರಿ ಜಾಗ, ಹಳ್ಳದ ದಡದಲ್ಲಿ ಕಳೆನಾಶಕ ನಿಷೇಧ ಇವು ಪ್ರತಿ ಗ್ರಾಮಸಭೆಯ ನಡಾವಳಿಯಲ್ಲಿ ದಾಖಲಾಗಬೇಕು.

ಹೊರನಾಡಿನಲ್ಲಿ ಅನ್ನಪೂರ್ಣೆಯ ಸನ್ನಿಧಿಗೆ ಬಂದ ಯಾರೂ ಹಸಿದು ಹಿಂದಿರುಗುವುದಿಲ್ಲ. ಯಾತ್ರಿಕರಿಗೆ ದೊರೆಯುವ ಆ ಭರವಸೆ ಸುತ್ತಲಿನ ಕಾಫಿ ಕೊಯ್ಯುವವರ, ಅಡಿಕೆ ಸುಲಿಯುವವರ ಮನೆಗಳಲ್ಲಿ ತಿಂಗಳ ಇಪ್ಪತ್ತೈದನೆಯ ತಾರೀಖಿಗೂ ಇರಬೇಕು. ಅದಕ್ಕೆ ಬೇಕಾದ ಮಳೆಯೂ ಮಣ್ಣೂ ಕಳಸದಲ್ಲಿವೆ. ಮುಂದಿನ ಗ್ರಾಮಸಭೆಗೆ ಹೋಗುವವರು ಬೇಡಿಕೆಯ ಅರ್ಜಿಯ ಜೊತೆಗೆ ತಮ್ಮ ಮನೆಯ ದಿನಸಿ ಚೀಟಿಯನ್ನೂ ಒಯ್ಯಲಿ.