ಅಂಟಿಸುವ ಪಟ್ಟಿ, ಎಳೆಯುವ ರಬ್ಬರು

ಹೈದರಾಬಾದಿನ ಗಚ್ಚಿಬೌಲಿ ಗೋಪಿಚಂದ್ ಬ್ಯಾಡ್ಮಿಂಟನ್ ಅಕಾಡೆಮಿಯ ಊರು. ಆಟಗಾರರ ಹೆಗಲಿಗೆ ಸಲ್ಲುತ್ತಿದ್ದ ಬಣ್ಣದ ಪಟ್ಟಿ ಈಗ ಸಾಫ್ಟ್‌ವೇರ್ ಉದ್ಯೋಗಿಗಳ ಕಾಲರಿನಡಿಯಿಂದಲೂ ಇಣುಕುತ್ತಿದೆ. ಇಲ್ಲಿನ ಗಾಜಿನ ಕಟ್ಟಡಗಳಲ್ಲಿ ದಿನವಿಡೀ ಲ್ಯಾಪ್‌ಟಾಪಿಗೆ ಬಾಗಿ ಕೂತವರಲ್ಲಿ ಬೀದರ್, ಕಲಬುರಗಿ, ರಾಯಚೂರು ಕಡೆಯ ನಮ್ಮವರೂ ಇದ್ದಾರೆ. ಕತ್ತು, ಹೆಗಲು ಕೂಡುವಲ್ಲಿ ಒಂದು ಗಂಟು. ಒತ್ತಿದರೆ ನೋವು ತಲೆಯವರೆಗೆ ಏರುತ್ತದೆ. ಇದಕ್ಕೆ ಸಿಗುವ ಜೋಡಿ ಚಿಕಿತ್ಸೆ, ಬೆನ್ನುಮೂಳೆಯನ್ನು ಲಟಕ್ಕೆನಿಸುವ ಕೈರೋಪ್ರಾಕ್ಟಿಕ್ ಮತ್ತು ಮೇಲೊಂದು ಎಲಾಸ್ಟಿಕ್ ಟೇಪು. ಎರಡನ್ನೂ ಬೊಗಳೆ ಎಂದು ತಳ್ಳಿಹಾಕಲಾಗದು. ಇವುಗಳಿಂದ ಕೆಲ ದಿನ ಆರಾಮ ಸಿಗಬಹುದು. ಆದರೆ ಆರಾಮವನ್ನು ಗುಣವೆಂದು ಮಾರಿದಾಗ ತಕರಾರು ತೆಗೆಯಲೇಬೇಕು.

ಗಂಟಿನ ಕಥೆಯೇ ತುಸು ಜಾಳು. ಇಂಥ ಗಂಟನ್ನು 'ಟ್ರಿಗರ್ ಪಾಯಿಂಟ್' ಎನ್ನುವ ಕಲ್ಪನೆಯನ್ನು ವೈದ್ಯಲೋಕದಲ್ಲಿ ನೆಲೆಗೊಳಿಸಿದವರು ಅಮೆರಿಕದ ಅಧ್ಯಕ್ಷ ಕೆನಡಿಯ ವೈದ್ಯೆಯಾಗಿದ್ದ ಜಾನೆಟ್ ಟ್ರಾವೆಲ್. ಡೇವಿಡ್ ಸೈಮನ್ಸ್ ಜೊತೆ ಅವರು ಬರೆದ ಕೈಪಿಡಿ 1983ರಲ್ಲಿ ಬಂತು. ನೋವು ನಿಜ, ಅದರಲ್ಲಿ ಅನುಮಾನವಿಲ್ಲ. ಒಬ್ಬ ಪರೀಕ್ಷಕರ ಬೆರಳಿಗೆ ಸಿಕ್ಕ ಗಂಟು ಇನ್ನೊಬ್ಬರಿಗೆ ಅದೇ ಜಾಗದಲ್ಲಿ ಸಿಗುವುದು ಮಾತ್ರ ಕಷ್ಟ.

ಟೇಪಿನ ವಾದ ಇನ್ನೂ ತೆಳು. 1970ರ ದಶಕದಲ್ಲಿ ಅದನ್ನು ರೂಪಿಸಿದ ಜಪಾನಿನ ಕೆಂಜೋ ಕಾಸೆ ಸ್ವತಃ ಕೈರೋಪ್ರಾಕ್ಟರ್. ಜಗತ್ತಿನ ಕಣ್ಣು ಅದರ ಮೇಲೆ ಬಿದ್ದದ್ದು 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ. ಟೇಪು ಚರ್ಮವನ್ನು ಸುಕ್ಕುಗಟ್ಟಿಸಿ, ಮೇಲೆತ್ತಿ, ರಕ್ತಸಂಚಾರ ಹೆಚ್ಚಿಸುತ್ತದಂತೆ. 2014ರಲ್ಲಿ ಪ್ರಕಟವಾದ ಬ್ರೆಜಿಲ್‌ನ ಅಧ್ಯಯನವೊಂದರಲ್ಲಿ ಸೊಂಟನೋವಿನ 148 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ಸುಕ್ಕು ಬರುವಂತೆ ಎಳೆದು, ಇನ್ನೊಂದಕ್ಕೆ ಎಳೆಯದೆ ಅಂಟಿಸಿದರು. ನೋವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಹೆಗಲಿನ ಚರ್ಮ ಬೇರೆ ಕಾನೂನು ಪಾಲಿಸುತ್ತದೆಯೇ?

ಲಟಕ್ ಸದ್ದಿಗೆ ಮನಸೋಲುವವರು ಹೆಚ್ಚು. ಜಾರಿದ ಮೂಳೆ ಕೂತ ಸದ್ದು ಅದಲ್ಲ. ಬೆರಳಿನ ನೆಟಿಕೆ ಮುರಿದಾಗಲೂ ಬರುವ, ಕೀಲಿನ ದ್ರವದೊಳಗೆ ಅನಿಲದ ಟೊಳ್ಳು ಉಂಟಾಗುವ ಸದ್ದು. ಆದರೂ ಉಪಶಮನ ಉಂಟು. ಕತ್ತುನೋವಿನ 272 ಮಂದಿಯ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಈ ಚಿಕಿತ್ಸೆ ಮಾತ್ರೆಗಿಂತ ಮೇಲೆನಿಸಿತು. ಅದರಲ್ಲಿ ಮೂರನೆಯ ಗುಂಪೊಂದಿತ್ತು: ಎರಡು ಸಲ ಕರೆದು ವ್ಯಾಯಾಮ ಹೇಳಿಕೊಟ್ಟು ಮನೆಗೆ ಕಳಿಸಿದವರು. ಅವರೂ ಹೆಚ್ಚುಕಡಿಮೆ ಅಷ್ಟೇ ಚೇತರಿಸಿಕೊಂಡರು.

ಡೆನ್ಮಾರ್ಕಿನ 2011ರ ಅಧ್ಯಯನ ಗಚ್ಚಿಬೌಲಿಗೆಂದೇ ಮಾಡಿದಂತಿದೆ. ಪದೇ ಪದೇ ಕತ್ತು, ಹೆಗಲು ನೋಯುವ 198 ಮಂದಿಯಲ್ಲಿ ಕೆಲವರಿಗೆ ರಬ್ಬರ್ ಕೊಳವೆ ಎಳೆಯುತ್ತಾ ತೋಳುಗಳನ್ನು ಪಕ್ಕಕ್ಕೆ ಎತ್ತಲು ಹೇಳಿದರು. ವಾರಕ್ಕೆ 5 ದಿನ, 10 ವಾರ. ಒಂದು ಗುಂಪಿಗೆ ದಿನಕ್ಕೆ 12 ನಿಮಿಷ, ಇನ್ನೊಂದಕ್ಕೆ ಬರೀ 2. ಸುಮ್ಮನೆ ಆರೋಗ್ಯ ಮಾಹಿತಿ ಪಡೆದವರಿಗೆ ಹೋಲಿಸಿದರೆ, ಹತ್ತು ಅಂಕದ ನೋವಿನ ಅಳತೆಯಲ್ಲಿ ಕ್ರಮವಾಗಿ 1.9 ಮತ್ತು 1.4 ಅಂಕ ಇಳಿಯಿತು. ಎರಡು ನಿಮಿಷವೆಂದರೆ ಆಫೀಸಿನಲ್ಲಿ ಲಿಫ್ಟಿಗೆ ಕಾಯುವ ಹೊತ್ತು! ಅಂಟಿಸುವ ಎಲಾಸ್ಟಿಕ್ಕಿಗಿಂತ ಎಳೆಯುವ ಎಲಾಸ್ಟಿಕ್ಕಿನ ಪರ ಪುರಾವೆ ಗಟ್ಟಿ. ಒಮ್ಮೆ ಕೊಂಡರೆ ಮುಗಿಯುವ ಈ ರಬ್ಬರಿಗೆ ಹತ್ತು ಸಿಟ್ಟಿಂಗಿನ ಪ್ಯಾಕೇಜು ಕಟ್ಟಲಾಗುವುದಿಲ್ಲ, ಅಷ್ಟೆ.

ಹಣ ಪೋಲಾದರೆ ಹೋಗಲಿ, ಕತ್ತಿನದು ಬೇರೆ ಮಾತು. ಮಿದುಳಿಗೆ ರಕ್ತ ಒಯ್ಯುವ ನಾಳಗಳು ಅಲ್ಲಿವೆ. ಅವುಗಳ ಗೋಡೆ ಸೀಳಿದರೆ ಪಾರ್ಶ್ವವಾಯು ಆಗಬಹುದು. 2022ರಲ್ಲಿ ಹೈದರಾಬಾದಿನ ಸಲೂನೊಂದರಲ್ಲಿ ಕತ್ತು ಹಿಂದಕ್ಕೆ ಬಾಗಿಸಿ ಕೂದಲು ತೊಳೆಸಿಕೊಂಡ ಮಹಿಳೆಗೆ ಪಾರ್ಶ್ವವಾಯು ತಗುಲಿದ್ದನ್ನು ನರರೋಗ ತಜ್ಞ ಡಾ. ಸುಧೀರ್ ಕುಮಾರ್ ಬಹಿರಂಗಪಡಿಸಿದ್ದರು. 2024ರಲ್ಲಿ ಕರ್ನಾಟಕದ ಸಲೂನೊಂದರಲ್ಲಿ ಕತ್ತು ತಿರುಗಿಸಿಕೊಂಡ ಯುವಕನಿಗೂ ಹಾಗೆಯೇ ಆಯಿತು. ಇವು ಕೈರೋಪ್ರಾಕ್ಟರುಗಳ ಪ್ರಕರಣಗಳಲ್ಲ, ಅಪಾಯವೂ ಅಪರೂಪದ್ದು. ಸೀಳಿದ ನಾಳವೇ ಮೊದಲು ಕತ್ತುನೋವು ತಂದು, ಅದಕ್ಕೆಂದೇ ರೋಗಿ ಚಿಕಿತ್ಸೆಗೆ ಹೋಗಿರಬಹುದೆಂಬ ವಾದವೂ ಇದೆ. ಹಾಗಿದ್ದೂ ಕತ್ತು ತಿರುಗಿಸುವ ಮುನ್ನ ರೋಗಿಗೆ ಈ ಸಾಧ್ಯತೆಯನ್ನು ತಿಳಿಸಬೇಕೆಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2014ರಲ್ಲೇ ಹೇಳಿದೆ.

ನಮ್ಮಲ್ಲಿ ತಿಳಿಸಬೇಕಾದವರು ಯಾರು? ಸಹವರ್ತಿ ಆರೋಗ್ಯ ವೃತ್ತಿಗಳಿಗೆಂದು ಸಂಸತ್ತು 2021ರಲ್ಲಿ ಮಾಡಿದ ಕಾಯ್ದೆಯ ಪಟ್ಟಿಯಲ್ಲಿ ಫಿಸಿಯೋಥೆರಪಿ ಇದೆ, ಕೈರೋಪ್ರಾಕ್ಟಿಕ್ ಇಲ್ಲ. ವಿದೇಶದಲ್ಲಿ ವರ್ಷಗಟ್ಟಲೆ ಓದಿ ಬಂದವರಿಗೂ ವಿಡಿಯೊ ನೋಡಿ ಕಲಿತವರಿಗೂ ಒಂದೇ ಬೋರ್ಡು ಸಾಕಾಗಿದೆ. ಆರೋಗ್ಯ ಸಪ್ತಾಹಕ್ಕೆ ಇಂಥವರನ್ನು ಆಫೀಸಿಗೇ ಕರೆಸುವ ಕಂಪನಿಗಳು, ಕನಿಷ್ಠ ಅವರ ನೋಂದಣಿ ಯಾವುದೆಂದು ಕೇಳಬಹುದು. ಮೇಲ್ಬೆನ್ನಿನ ಗಂಟಿಗೆ ಕತ್ತು ತಿರುಗಿಸಲೇಬೇಕೆಂದಿಲ್ಲ. ಬೆನ್ನಿಗಷ್ಟೇ ಒತ್ತಡ ಕೊಡುವ ವಿಧಾನಗಳಿವೆ. 'ಕತ್ತು ಮುಟ್ಟಬೇಡಿ' ಎಂದು ಮಲಗುವ ಮೊದಲೇ ಹೇಳಿದರೆ ಯಾರೂ ತಪ್ಪು ತಿಳಿಯಬೇಕಿಲ್ಲ.