ಹಳದಿ ಉಪ್ಪಿಟ್ಟಿನ ಸಾಕ್ಷಿ

ನಮ್ಮ ದೊಡ್ಡಮ್ಮನ ಮನೆಯ ಅಟ್ಟದಲ್ಲಿ ಒಂದು ಕಬ್ಬಿಣದ ಟ್ರಂಕು ಇದೆ. ಅದರ ತುಂಬ ವಾರಪತ್ರಿಕೆಗಳಿಂದ ಬಿಡಿಸಿ ತೆಗೆದ ಧಾರಾವಾಹಿಗಳು. ವಾರವಾರ ಬಂದ ಕಂತನ್ನು ಜೋಪಾನವಾಗಿ ಎತ್ತಿಟ್ಟು, ಕಾದಂಬರಿ ಮುಗಿದ ಮೇಲೆ ದಬ್ಬಣದಿಂದ ಚುಚ್ಚಿ, ದಾರ ಪೋಣಿಸಿ ಹೊಲಿದು, ಬೆನ್ನಿಗೆ ಮೈದಾ ಅಂಟು ಸವರಿ, ಹಳೆ ಕ್ಯಾಲೆಂಡರಿನ ದಪ್ಪ ಹಾಳೆಯನ್ನೇ ಹೊದಿಕೆ ಮಾಡಿದ ಪುಸ್ತಕಗಳು ಅವು. ಒಂದು ಕಾಲಕ್ಕೆ ಕನ್ನಡದ ಎಷ್ಟೋ ಮನೆಗಳಲ್ಲಿ ಹೆಂಗಸರು ಹೀಗೆ ತಮ್ಮದೇ ಗ್ರಂಥಾಲಯ ಕಟ್ಟಿಕೊಂಡರು. ನಾನು ಕಾದಂಬರಿ ಓದಲೆಂದು ಒಂದನ್ನು ಕೈಗೆತ್ತಿಕೊಂಡರೆ ಕಣ್ಣು ಮಾತ್ರ ಹಾಳೆಯ ಹಿಂಬದಿಗೇ ಹೋಗುತ್ತದೆ. ಅಲ್ಲಿ ಅರ್ಧಕ್ಕೆ ತುಂಡಾದ ರೇಡಿಯೊ ಜಾಹೀರಾತು, ಶೀರ್ಷಿಕೆ ಹೋದ ಅಡುಗೆ ಅಂಕಣ, ಓದುಗರೊಬ್ಬರು ಸಂಪಾದಕರಿಗೆ ಬರೆದ ಪತ್ರದ ಕೊನೆಯ ನಾಲ್ಕು ಸಾಲು. ಅಂದು ಕತ್ತರಿ ಹಿಡಿದವರಿಗೆ ಬೇಡವಾಗಿದ್ದುದೇ ಇಂದು ನನಗೆ ಬೇಕಾಗಿದೆ.

ಈ ಚಪಲ ನನ್ನೊಬ್ಬನದಲ್ಲ. ಅಮೆರಿಕದಲ್ಲಿ ಇದಕ್ಕೆಂದೇ ಪತ್ರಿಕೆಗಳಿವೆ. ‘ರೆಮಿನಿಸ್’ ಎಂಬುದು 1991ರಲ್ಲಿ ಶುರುವಾಯಿತು; ಓದುಗರೇ ಕಳಿಸಿದ ಹಳೆಯ ಫೋಟೊ, ಓದುಗರೇ ಬರೆದ ನೆನಪುಗಳು ಅದರ ಬಂಡವಾಳ. ನಮ್ಮಲ್ಲಿ ಆ ಕೆಲಸವನ್ನು ಪತ್ರಿಕೆಗಳ ನೆನಪಿನ ಅಂಕಣಗಳು, ದೀಪಾವಳಿ ವಿಶೇಷಾಂಕಗಳು ಮಾಡುತ್ತಿವೆ. ಅವುಗಳಿಗಿಂತ ಹೆಚ್ಚಾಗಿ ಹಳೆಯ ಸಂಚಿಕೆಗಳೇ ಮಾಡುತ್ತಿವೆ. 1949ರಿಂದ ಕನ್ನಡಕ್ಕೆ ಬಂದ ‘ಚಂದಮಾಮ’, 1956ರಲ್ಲಿ ಹುಬ್ಬಳ್ಳಿಯಿಂದ ಹೊರಟ ‘ಕಸ್ತೂರಿ’, 1965ರ ‘ಸುಧಾ’, 1968ರ ‘ಮಯೂರ’. ಇವುಗಳ ಮಾಸಿದ ಪ್ರತಿಯೊಂದು ಕೈಗೆ ಸಿಕ್ಕರೆ ಕೂತ ಜಾಗದಿಂದ ಏಳಲಾಗದವರು ನಮ್ಮಲ್ಲಿ ಸಾವಿರಾರು ಮಂದಿ.

ಇದನ್ನು ಕಂಡು ಮೂಗು ಮುರಿಯುವವರೂ ಇದ್ದಾರೆ. ವಿಮರ್ಶೆಯ ಭಾಷೆಯಲ್ಲಿ ಇದಕ್ಕೆ ‘ಹಳಹಳಿಕೆ’ ಎಂಬ ಹೆಸರಿದೆ; ಆ ಪದ ಬಳಸಿದರೆ ಅಲ್ಲಿಗೆ ತೀರ್ಪು ಕೊಟ್ಟಂತೆ. 1688ರಲ್ಲಿ ಯೊಹಾನ್ನೆಸ್ ಹೋಫರ್ ಎಂಬ ವೈದ್ಯಕೀಯ ವಿದ್ಯಾರ್ಥಿ ಬಾಸೆಲ್‌ನಲ್ಲಿ ತನ್ನ ಪ್ರೌಢಪ್ರಬಂಧ ಬರೆದು ‘ನಾಸ್ಟಾಲ್ಜಿಯಾ’ ಎಂಬ ಪದವನ್ನು ಹುಟ್ಟಿಸಿದಾಗಲೂ ಅದು ಕಾಯಿಲೆಯ ಹೆಸರೇ ಆಗಿತ್ತು. ಮನೆಯಿಂದ ದೂರವಿದ್ದ ಸ್ವಿಟ್ಜರ್ಲೆಂಡಿನವರು ಊರಿನ ಹಂಬಲದಲ್ಲಿ ಸೊರಗುವುದನ್ನು ಅವನು ಹಾಗೆ ಕರೆದ. ಮನೆಗೆ ಮರಳುವುದು ಮತ್ತು ನೋವು, ಈ ಎರಡು ಅರ್ಥದ ಗ್ರೀಕ್ ಪದಗಳನ್ನು ಸೇರಿಸಿ ಮಾಡಿದ್ದು. ನೆನಪಿನಲ್ಲಿ ಮುಳುಗುವವನು ರೋಗಿ, ಅವನಿಗೆ ಇವತ್ತಿನ ಪರಿವೆ ಇಲ್ಲ ಎಂಬ ಭಾವನೆಗೆ ಹೀಗೆ ಮುನ್ನೂರು ವರ್ಷಕ್ಕೂ ಮಿಕ್ಕ ವಯಸ್ಸಾಗಿದೆ.

ನಾನು ಇದನ್ನು ಒಪ್ಪುವುದಿಲ್ಲ. ನಿನ್ನೆಯ ದಿನಚರಿಯನ್ನು ಓದಿ ಸುಖಪಡುವುದು ತಿಳಿವಳಿಕೆಯ ಒಂದು ದಾರಿ. ‘ಆ ಕಾಲವೇ ಚೆನ್ನಾಗಿತ್ತು’ ಎನ್ನುವುದು ಒಂದು ತೀರ್ಮಾನ. ಅದು ಸುಳ್ಳಿರಬಹುದು, ಬಹುಮಟ್ಟಿಗೆ ಸುಳ್ಳೇ. ಆದರೆ ಆ ಮಾತಿನ ಜೊತೆಗೆ ಬರುವ ವಿವರ, ಬೂದಿ ಹಾಕಿ ಉಜ್ಜಿದ ಲಾಟೀನಿನ ಗಾಜು, ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ತಂದ ರೇಡಿಯೊ ಲೈಸೆನ್ಸು, ಅದು ಸಾಕ್ಷ್ಯ. ಹೇಳುವವರ ತೀರ್ಮಾನ ತಪ್ಪಿದ್ದರೂ ಸಾಕ್ಷ್ಯ ನಿಲ್ಲುತ್ತದೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಐವತ್ತು ದಾಟಿದ ಕನ್ನಡಿಗರ ಶಾಲೆಯ ನೆನಪುಗಳಲ್ಲಿ ಮತ್ತೆ ಮತ್ತೆ ಬರುವ ಒಂದು ತಿನಿಸು ಅಮೆರಿಕದ ನೆರವು ಸಂಸ್ಥೆ ಕೇರ್ ಕೊಡುತ್ತಿದ್ದ ಹಳದಿ ಉಪ್ಪಿಟ್ಟು. ಮುಸುಕಿನ ಜೋಳದ್ದು. ಅದರ ಜೊತೆ ಕೆಲವು ಕಡೆ ಹಾಲಿನ ಪುಡಿ ಕಲಸಿದ ಬಿಸಿ ಹಾಲು. ನೆನಪು ಬರೆಯುವವರು ಅದರ ವಾಸನೆಯಿಂದಲೇ ಶುರು ಮಾಡುತ್ತಾರೆ: ಮೂರನೇ ಪೀರಿಯಡ್ಡಿನಲ್ಲೇ ಕಿಟಕಿಯೊಳಗೆ ನುಗ್ಗುತ್ತಿದ್ದ ಘಮ, ಕೈಯಲ್ಲಿ ಹಿಡಿದ ಮುತ್ತುಗದ ಎಲೆ ಅಥವಾ ತಟ್ಟೆ, ಪಾತ್ರೆಯ ತಳದ ಸೀಕಲಿಗೆ ನಡೆಯುತ್ತಿದ್ದ ಪೈಪೋಟಿ. ಅಂಥ ರುಚಿ ಮತ್ತೆ ಸಿಗಲಿಲ್ಲ ಎಂದು ಬರೆದು ಮುಗಿಸುತ್ತಾರೆ. ಹಳಹಳಿಕೆ ಎಂದು ಅದನ್ನು ತಳ್ಳಿಹಾಕುವ ಮೊದಲು ಒಂದು ಪ್ರಶ್ನೆ ಕೇಳಬೇಕು. ಅಮೆರಿಕದ ಧಾನ್ಯ ನಮ್ಮ ಹಳ್ಳಿ ಶಾಲೆಯ ಒಲೆಯ ಮೇಲೆ ಯಾಕೆ ಬಂತು?

1965, 66ರಲ್ಲಿ ಸಾಲಾಗಿ ಮಳೆ ಕೈಕೊಟ್ಟಿತು. ಅದೇ 1965ರಲ್ಲಿ ಪಾಕಿಸ್ತಾನದೊಡನೆ ಯುದ್ಧ. ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿಯವರು ವಾರಕ್ಕೊಂದು ಹೊತ್ತಿನ ಊಟ ಬಿಡಿ ಎಂದು ದೇಶವನ್ನು ಕೇಳಿಕೊಂಡರು. ಪಿಎಲ್ 480 ಎಂಬ ಅಮೆರಿಕದ ಕಾನೂನಿನ ಅಡಿಯಲ್ಲಿ ಹಡಗಿನಲ್ಲಿ ಬರುತ್ತಿದ್ದ ಗೋಧಿಗೆ ಕಾದು ಕೂರುವ ಸ್ಥಿತಿ ಇತ್ತು. ಆ ದಶಕದ ಮಕ್ಕಳಿಗೆ ಉಪ್ಪಿಟ್ಟು ಅಷ್ಟು ರುಚಿಸಿದ್ದಕ್ಕೆ ಕಾರಣ ಬಹುಪಾಲು ಹಸಿವು. ಬರೆದವರು ‘ಹಸಿವು’ ಎಂಬ ಪದವನ್ನು ಎಲ್ಲೂ ಬಳಸಿರದಿರಬಹುದು. ಸೀಕಲಿಗೆ ಪೈಪೋಟಿ ಎಂದು ಬರೆದಿದ್ದಾರಲ್ಲ, ಸಾಕು. ಹೊಟ್ಟೆ ತುಂಬಿದ ಮಕ್ಕಳು ತಳದ ಸೀಕಲಿಗೆ ಮುಗಿಬೀಳುವುದಿಲ್ಲ. ಸವಿನೆನಪಿನೊಳಗೇ ಬರಗಾಲ ಕೂತಿದೆ. ಓದುವವರಿಗೆ ಅದನ್ನು ಕಾಣುವ ಕಣ್ಣು ಬೇಕು, ಅಷ್ಟೆ. 2002ರಲ್ಲಿ ನಮ್ಮ ರಾಜ್ಯದಲ್ಲಿ ಅಕ್ಷರ ದಾಸೋಹ ಎಂಬ ಬಿಸಿಯೂಟದ ಯೋಜನೆ ಶುರುವಾದಾಗ ಶಾಲೆಯಲ್ಲಿ ಅನ್ನ ಬಡಿಸುವುದು ದಂಡದ ಖರ್ಚಲ್ಲ ಎಂಬುದನ್ನು ಆ ಹಳದಿ ಉಪ್ಪಿಟ್ಟು ತಿಂದವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಇಂಥ ವಿವರ ಇತಿಹಾಸದ ಪುಸ್ತಕದಲ್ಲಿ ಸಿಗುವುದು ಕಷ್ಟ. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಜಾರಿಗೆ ಬಂತು ಎಂದು ಪುಸ್ತಕ ಹೇಳುತ್ತದೆ. ರೂಪಾಯಿಗೆ ಹದಿನಾರಾಣೆ ಹೋಗಿ ನೂರು ನಯಾಪೈಸೆ ಬಂದಾಗ ಒಂದಾಣೆಯ ಸಾಮಾನಿಗೆ ಆರು ಪೈಸೆ ಕೊಡಬೇಕು, ನಾಲ್ಕಾಣೆಗೆ ಮಾತ್ರ ಇಪ್ಪತ್ತೈದು. ನಾಲ್ಕು ಸಲ ಬಿಡಿಯಾಗಿ ಕೊಂಡರೆ ಇಪ್ಪತ್ತನಾಲ್ಕು, ಒಟ್ಟಿಗೆ ಕೊಂಡರೆ ಇಪ್ಪತ್ತೈದು. ಆ ಒಂದು ಪೈಸೆಯ ತಕರಾರು, ಅಂಗಡಿಯ ಗೋಡೆಯ ಲೆಕ್ಕದ ಪಟ್ಟಿ, ಅಜ್ಜಿಯರ ಗೊಂದಲ ಉಳಿಯುವುದು ನೆನಪಿನ ಪುಟದಲ್ಲೇ. ಆಣೆ ಹೋದ ಮೇಲೂ ನಮ್ಮ ಬಾಯಲ್ಲಿ ನಾಲ್ಕಾಣೆ, ಎಂಟಾಣೆ ಉಳಿದವು. ಇಪ್ಪತ್ತೈದು ಪೈಸೆಯ ನಾಣ್ಯ ಚಲಾವಣೆಯಿಂದ ಹೋದದ್ದು 2011ರ ಜೂನ್ ಕೊನೆಗೆ. ಅಲ್ಲಿಯವರೆಗೂ ಜನ ಅದನ್ನು ಕರೆದದ್ದು ನಾಲ್ಕಾಣೆ ಎಂದೇ.

ಈಗ ನನ್ನ ವಾದದ ಕಷ್ಟದ ಭಾಗಕ್ಕೆ ಬರುತ್ತೇನೆ.

ಕಳೆದ ವರ್ಷ ಒಂದು ವಿಶೇಷಾಂಕದಲ್ಲಿ ಸೌದೆ ಒಲೆಯ ಅಡುಗೆಯ ಬಗ್ಗೆ ಸೊಗಸಾದ ಲೇಖನ ಬಂದಿತ್ತು. ಕೆಂಡದ ಮೇಲೆ ಉಬ್ಬಿದ ರೊಟ್ಟಿ, ಹೊಗೆಯ ವಾಸನೆ ಹತ್ತಿದ ಸಾರು. ನಾನು ಮೆಚ್ಚಿ ದೊಡ್ಡಮ್ಮನಿಗೆ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಆಕೆ ಕೇಳಿದ್ದು ಒಂದೇ ಮಾತು: “ಬರೆದೋರು ಗಂಡಸೋ ಹೆಂಗಸೋ ಮಗಾ?” ನಾನು ಹೆಸರು ನೋಡಿದೆ. ಗಂಡಸು. “ರುಚಿ ಇತ್ತು, ಸುಳ್ಳಲ್ಲ. ಮಳೆಗಾಲದಾಗೆ ಹಸಿ ಸೌದೆ ಊದಿದ್ದು ಅವರಲ್ಲವಲ್ಲ” ಎಂದು ಸುಮ್ಮನಾದರು.

ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನೆನಪಿನ ಪತ್ರಿಕೆಗಳ ನಿಜವಾದ ದೋಷ ಇರುವುದು ಇಲ್ಲಿ. ಹಿಂದಿನದನ್ನು ಹೊಗಳುತ್ತವೆ ಎಂಬುದಕ್ಕಿಂತ, ಹಿಂದಿನವರಲ್ಲಿ ಕೆಲವರ ನೆನಪನ್ನೇ ಎಲ್ಲರ ನೆನಪು ಎಂದು ಮುದ್ರಿಸುತ್ತವೆ ಎಂಬುದು ದೊಡ್ಡ ದೋಷ. 1961ರ ಜನಗಣತಿಯ ಪ್ರಕಾರ ದೇಶದಲ್ಲಿ ನೂರಕ್ಕೆ ಸುಮಾರು ಹದಿನೈದು ಹೆಂಗಸರಿಗೆ ಮಾತ್ರ ಓದು ಬರಹ ಬರುತ್ತಿತ್ತು. ಉಳಿದ ಎಂಬತ್ತೈದು ಮಂದಿಯ ಅಡುಗೆಮನೆ ಯಾವ ಸಂಚಿಕೆಯಲ್ಲಿದೆ? ಹಿತ್ತಲ ಬಾವಿ, ಹಿತ್ತಲ ಪಾರಿಜಾತ, ಹಿತ್ತಲ ಕರಿಬೇವಿನ ಬಗ್ಗೆ ಎಷ್ಟೊಂದು ಓದಿದ್ದೇವೆ. ಅದೇ ಹಿತ್ತಿಲಿಗೆ ಬೆಳಗಿನ ಜಾವ ಹಿಂಬಾಗಿಲಿನಿಂದ ಬಂದು ಕಕ್ಕಸಿನ ಮಲವನ್ನು ತಲೆಯ ಮೇಲೆ ಹೊತ್ತು ಹೋಗುತ್ತಿದ್ದವರ ಬಗ್ಗೆ ಆ ಪುಟಗಳಲ್ಲಿ ಓದಿದ್ದು ನನಗೆ ನೆನಪಿಲ್ಲ. 1970ರ ದಶಕದಲ್ಲಿ ದೇವರಾಜ ಅರಸರ ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಆ ಪದ್ಧತಿಯನ್ನು ನಿಷೇಧಿಸಿದರು. ಅಂದರೆ ನಾವು ಮುದ್ದಾಗಿ ನೆನೆಯುವ ದಶಕಗಳಲ್ಲೇ ಅದು ನಿತ್ಯದ ದಿನಚರಿಯಾಗಿತ್ತು. ದಿನಚರಿಯನ್ನೇ ಬರೆಯುತ್ತೇವೆ ಎನ್ನುವವರು ಇದನ್ನು ಬಿಟ್ಟರೆ ಅದು ಮರೆವಲ್ಲ, ಅನ್ಯಾಯ.

ಇದಕ್ಕೆ ನೆನಪನ್ನೇ ಕೈಬಿಡುವುದು ಪರಿಹಾರವಲ್ಲ. ನೆನಪಿನ ಅನ್ಯಾಯವನ್ನು ತಿದ್ದಿದ್ದೂ ನೆನಪೇ. ಸಿದ್ಧಲಿಂಗಯ್ಯನವರ ‘ಊರುಕೇರಿ’, ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ಈ ದಲಿತ ಆತ್ಮಕಥೆಗಳೂ ಹಿಂದಿನ ದಶಕಗಳ ದಿನನಿತ್ಯದ ಕಥೆಗಳೇ: ಶಾಲೆ, ಊಟ, ಬಟ್ಟೆ, ಓಣಿ. ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಹಳ್ಳಿಯ ಚಿತ್ರಗಳು’ ಓದಿ ಮುಗಿಸಿದವರು ಇವನ್ನೂ ಓದಿದರೆ ಊರಿನ ಎರಡು ತುದಿಗಳೂ ಕಾಣುತ್ತವೆ. ನೆನಪು ಹೆಚ್ಚಾದದ್ದರಿಂದ ನಮಗೆ ಕೇಡಾಗಿಲ್ಲ. ಬೇರೆಯವರ ನೆನಪು ಸಾಲದೆ ಆಗಿದೆ.

ಇಲ್ಲಿ ಪತ್ರಿಕೆ ಎಂಬ ಮಾಧ್ಯಮಕ್ಕೆ ಒಂದು ಬಲವಿದೆ. ಆತ್ಮಕಥೆಯಲ್ಲಿ ಒಬ್ಬರೇ ಮಾತಾಡುತ್ತಾರೆ. ಪತ್ರಿಕೆಯಲ್ಲಿ ಹತ್ತು ಜನ ಪಕ್ಕಪಕ್ಕ ಕೂರುತ್ತಾರೆ, ಮುಂದಿನ ಸಂಚಿಕೆಯಲ್ಲಿ ಹನ್ನೊಂದನೆಯವರು ಪತ್ರ ಬರೆದು ‘ನಮ್ಮ ಕಡೆ ಹಾಗಿರಲಿಲ್ಲ’ ಎನ್ನುತ್ತಾರೆ. ದೂರದ ಸುವರ್ಣಯುಗಗಳ ಬಗ್ಗೆ ಏನು ಹೇಳಿದರೂ ತಿದ್ದಲು ಯಾರೂ ಬದುಕಿಲ್ಲ. ಅದಕ್ಕೇ ಅಂಥ ಹಂಬಲ ರಾಜಕೀಯದವರ ಕೈಯಲ್ಲಿ ಅಷ್ಟು ಸುಲಭವಾಗಿ ಆಯುಧವಾಗುತ್ತದೆ. 1965ರ ಬಗ್ಗೆ ಸುಳ್ಳು ಬರೆದರೆ ತಿದ್ದುವುದಕ್ಕೆ ನಮ್ಮ ದೊಡ್ಡಮ್ಮ ಇದ್ದಾರೆ. ನಿನ್ನೆಯ ಹಂಬಲವನ್ನೂ ಸಾವಿರ ವರ್ಷದ ಹಿಂದಿನ ವೈಭವದ ಹಂಬಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು.

ಹಳೆಯ ಸಂಚಿಕೆಗಳನ್ನು ನಾನು ಇನ್ನೂ ಹೆಚ್ಚು ನಂಬುವುದಕ್ಕೆ ಕಾರಣವಿದೆ. ಇವತ್ತು ನೆನಪು ಬರೆಯುವವರು ಏನು ಚೆನ್ನ ಎಂದು ಆರಿಸಿಕೊಂಡು ಬರೆಯುತ್ತಾರೆ. ಅಂದಿನ ಪತ್ರಿಕೆಗೆ ತಾನು ಮುಂದೊಂದು ದಿನ ನೆನಪಾಗುತ್ತೇನೆ ಎಂದು ಗೊತ್ತಿರಲಿಲ್ಲ. ಎಚ್‌ಎಂಟಿ ಗಡಿಯಾರ 1961ರಿಂದ ಬೆಂಗಳೂರಿನಲ್ಲಿ ತಯಾರಾಗತೊಡಗಿತು. ಅದನ್ನು ಕಟ್ಟಿಕೊಳ್ಳುವುದು ಎಂಥ ಹೆಮ್ಮೆ ಎಂದು ಇಂದಿನ ಲೇಖನ ಹೇಳುತ್ತದೆ. ಯಾರ ಕೈಗೆ ಅದು ಎಟುಕುತ್ತಿತ್ತು ಎಂಬುದನ್ನು ಅಂದಿನ ಜಾಹೀರಾತಿನ ಬೆಲೆಯೂ ಪಕ್ಕದ ಪುಟದ ಗುಮಾಸ್ತರ ಸಂಬಳದ ಗೋಳೂ ಸೇರಿ ಹೇಳುತ್ತವೆ. ಅನುಪಮಾ ನಿರಂಜನ ಅವರಂಥ ವೈದ್ಯೆ ಕನ್ನಡದಲ್ಲಿ ಹೆಂಗಸರ ಆರೋಗ್ಯದ ಬಗ್ಗೆ ನೇರವಾಗಿ ಬರೆದದ್ದನ್ನು ಇಂದು ಓದಿದರೆ, ಆ ಮಾತುಗಳನ್ನು ಕೇಳಲು ಬೇರೆ ದಾರಿಯೇ ಇಲ್ಲದ ಎಷ್ಟು ಹೆಣ್ಣುಮಕ್ಕಳು ಆ ಪುಟಗಳಿಗೆ ಕಾದಿದ್ದಿರಬೇಕು ಎಂದು ತಿಳಿಯುತ್ತದೆ.

ಸೌದೆ ಒಲೆಯ ಆ ಲೇಖನ ಓದಿ ಹೇಳಿದ ಸಂಜೆ ನಾನು ಟ್ರಂಕಿನಿಂದ ಒಂದು ಪುಸ್ತಕ ಇಳಿಸಿ ದೊಡ್ಡಮ್ಮನ ಮುಂದಿಟ್ಟೆ. ಆಕೆ ಕಥೆಯ ಕಡೆ ನೋಡಲಿಲ್ಲ, ಹೊಲಿಗೆಯ ಮೇಲೆ ಬೆರಳಾಡಿಸಿದರು. ಕಂತುಗಳನ್ನು ಆಕೆಗೆ ಕೊಡುತ್ತಿದ್ದವರು ಪಕ್ಕದ ಮನೆಯ ಟೀಚರು. ಪತ್ರಿಕೆ ಕೊಳ್ಳುವ ಶಕ್ತಿ ನಮ್ಮ ಮನೆಗಿರಲಿಲ್ಲವಂತೆ. ಇಷ್ಟು ವರ್ಷ ಅದು ನಮ್ಮದೇ ಚಂದಾ ಎಂದು ನಾನು ತಿಳಿದಿದ್ದೆ.

ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಮನೆಯ ಹಿರಿಯರ ಪಕ್ಕ ಹಳೆಯ ಸಂಚಿಕೆಯೊಂದನ್ನು ಇಟ್ಟುಕೊಂಡು ಕೂತುಕೊಳ್ಳಿ. ನಿಮ್ಮ ಮನೆಯಲ್ಲಿ ಕೆಲಸ ಮಾಡಿ ಹೋದವರ ಮಕ್ಕಳನ್ನೂ ಕೇಳಿ. ಅವರು ಹೇಳಿದ್ದನ್ನು ಬರೆಯುವಾಗ ಇಸವಿ ಹಾಕಿ, ಬೆಲೆ ಹಾಕಿ, ನೀರು ಸೇದಿದವರ, ಒಲೆ ಊದಿದವರ ಹೆಸರು ಹಾಕಿ, ಮತ್ತು ಪತ್ರಿಕೆಗಳಿಗೆ ಕಳಿಸಿ. ಹಳೆಯ ಕಟ್ಟನ್ನು ರದ್ದಿಗೆ ಹಾಕುವ ಮುಂಚೆ ಒಂದು ಸಲ ಹಾಳೆಗಳ ಹಿಂಬದಿಯನ್ನೂ ತಿರುಗಿಸಿ ನೋಡಿ.